ಮೂರಿಲ್ಲದಣ್ಣನ ಸೆರೆವಾಸ

ಲೋಕದಲ್ಲಿ ಮೂರು ಎಂಬ ಸಂಖ್ಯೆ ಇದೆ ಎನ್ನುವುದನ್ನು ನಮ್ಮೂರಿನ ಫೋಟೋದವನು ಈವರೆಗೆ ಒಪ್ಪಿಕೊಂಡಿಲ್ಲ. ಕ್ಯಾಮೆರಾದ ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ, ಎಡಗೈ ಮೇಲೆತ್ತಿ "ಒಂದು..." ಎನ್ನುತ್ತಾನೆ. ಜನ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. "ಎರಡು..." ಎನ್ನುತ್ತಾನೆ. ಮೂರಕ್ಕೆ ನಗೋಣ ಎಂದು ಜನ ತುಟಿ ಸರಿಮಾಡಿಕೊಳ್ಳುತ್ತಿರುವಾಗಲೇ ಕ್ಯಾಮೆರಾ ಕ್ಲಿಕ್ ಎಂದಿರುತ್ತದೆ. ಮೂವತ್ತು ವರ್ಷದಲ್ಲಿ ಸಾವಿರಾರು ಜನ ಅವನೆದುರು ಕೂತಿದ್ದಾರೆ, ನಿಂತಿದ್ದಾರೆ, ತೊಡೆಯ ಮೇಲೆ ಕಂದಮ್ಮಗಳನ್ನು ಇಟ್ಟುಕೊಂಡಿದ್ದಾರೆ. ಅವನ ಬಾಯಿಂದ ಮೂರು ಕೇಳಿದವರು ಒಬ್ಬರೂ ಇಲ್ಲ.

ಹೀಗಾಗಿ ಊರು ಅವನಿಗೆ ಮೂರಿಲ್ಲದಣ್ಣ ಎಂದು ಹೆಸರಿಟ್ಟಿದೆ. ಹೆಸರಿಟ್ಟ ಮೇಲೆ ಕತೆ ಕಟ್ಟದಿದ್ದರೆ ಅದನ್ನು ಊರು ಅಂತ ಯಾಕೆ ಅನ್ನಬೇಕು? ಕ್ಷೌರದಂಗಡಿಯವನ ಪ್ರಕಾರ, ಹಿಂದೊಮ್ಮೆ ಮದುವೆಯ ಗುಂಪಿನೆದುರು ಇವನು ಮೂರು ಅಂದದ್ದೇ ತಡ, ಹಿಂದಿನ ಸಾಲಿನ ಬೆಂಚು ಲಟಕ್ಕನೆ ಮುರಿದು ಹೆಣ್ಣಿನ ಕಡೆಯವರೆಲ್ಲ ಗಂಡಿನ ಕಡೆಯವರ ಮೇಲೆ ಉರುಳಿದರು; ಅವತ್ತಿನ ಜಗಳ ಈಗ ಮೊಮ್ಮಕ್ಕಳ ಕೈಗೆ ಬಂದಿದೆ. ದರ್ಜಿ ಇದನ್ನು ಒಪ್ಪುವುದಿಲ್ಲ. ಇವನ ಗುರು ವಿದ್ಯೆಯನ್ನೆಲ್ಲ ಧಾರೆಯೆರೆದು, ಕೊನೆಯ ಗಳಿಗೆಯಲ್ಲಿ "ಒಂದು, ಎರಡು" ಎಂದು ಹೇಳಿಕೊಡುವಷ್ಟರಲ್ಲಿ ಕಣ್ಣು ಮುಚ್ಚಿದನಂತೆ. ಗುರು ಹೇಳಿಕೊಡದ್ದನ್ನು ಶಿಷ್ಯ ಹೇಳುವುದಿಲ್ಲವಂತೆ. ಇನ್ನು ಚಹಾದಂಗಡಿಯ ಪಕ್ಷದವರದು ಬೇರೆಯೇ ವಾದ. ಈ ಮಹಾಶಯ ಮೂರು ಬಾಳೆಹಣ್ಣು ಬೇಕಾದರೆ ಎರಡು ಕೊಂಡು, ಬೀದಿ ತಿರುವಿನವರೆಗೆ ಹೋಗಿ, ಏನೋ ಮರೆತವನ ಹಾಗೆ ವಾಪಸು ಬಂದು ಇನ್ನೊಂದು ಕೊಳ್ಳುತ್ತಾನಂತೆ. ಇದನ್ನು ಕಣ್ಣಾರೆ ಕಂಡವರು ನಾಲ್ಕು ಜನ ಇದ್ದಾರೆ. ಮೊದಲು ಮೂರು ಜನ ಎನ್ನುತ್ತಿದ್ದರು, ಈಗ ಹಾಗನ್ನಲು ಅವರಿಗೂ ಧೈರ್ಯ ಸಾಲದು.

ಯಾಕಪ್ಪಾ ಹೀಗೆ ಎಂದು ಅವನನ್ನೇ ನೇರವಾಗಿ ಕೇಳಿದವರು ಮಾತ್ರ ಇಲ್ಲ. ಚೆನ್ನಾಗಿ ಓಡುತ್ತಿರುವ ಕತೆಗೆ ಯಾರು ತಾನೇ ಅಡ್ಡ ಕಾಲು ಹಾಕುತ್ತಾರೆ?

ನಿಜ ಹೇಳಬೇಕೆಂದರೆ ಅವನ ದೊಡ್ಡ ವಿದ್ಯೆ ಎಣಿಸುವುದರಲ್ಲಿಲ್ಲ, ಕೂರಿಸುವುದರಲ್ಲಿದೆ. ಐದು ಜನರ ಫೋಟೋ ಯಾರು ಬೇಕಾದರೂ ತೆಗೆಯುತ್ತಾರೆ. ಮೂವತ್ತು ಜನ ಬಂಧುಗಳನ್ನು ಒಂದು ಚೌಕಟ್ಟಿನೊಳಗೆ ಕೂರಿಸಿ, ಎಲ್ಲರೂ ತಮಗೇ ಒಳ್ಳೆಯ ಜಾಗ ಸಿಕ್ಕಿತು ಎಂದುಕೊಳ್ಳುವಂತೆ ಮಾಡುವುದು ರಾಜತಂತ್ರ. ಮೂರಿಲ್ಲದಣ್ಣನ ಬತ್ತಳಿಕೆಯಲ್ಲಿ ಪ್ರತಿ ಜಾಗಕ್ಕೂ ಒಂದು ಸುಳ್ಳಿತ್ತು. ಅಂಚಿಗೆ ತಳ್ಳಬೇಕಾದವರಿಗೆ "ನೋಡೋರ ಕಣ್ಣು ಮೊದಲು ಅಂಚಿಗೇ ಬೀಳೋದು, ಅಲ್ಲಿ ಲಕ್ಷಣವಾಗಿರೋರೇ ಬೇಕು" ಎನ್ನುತ್ತಿದ್ದ. ನೆಲದ ಮೇಲೆ ಕೂರಬೇಕಾದವರಿಗೆ "ನಿಮಗೆ ವಯಸ್ಸೇ ಆಗಿಲ್ಲವಲ್ಲ, ಮಕ್ಕಳ ಜೊತೆ ಸೇರಿಹೋಗ್ತೀರಿ." ಹಿಂದೆ ನಿಲ್ಲಬೇಕಾದ ಎತ್ತರದವರಿಗೆ "ನೀವು ಕಂಬ ಇದ್ದ ಹಾಗೆ, ನೀವು ನಿಂತರೇನೇ ಈ ಮನೆ ನಿಂತ ಹಾಗೆ ಕಾಣೋದು." ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ ಒಂದು ದಪ್ಪ ಮಗುವನ್ನು ಕೂರಿಸುವುದು, ಅತ್ತೆಯನ್ನೂ ಸೊಸೆಯನ್ನೂ ಪಕ್ಕಪಕ್ಕ ಕೂರಿಸಿ ಇಬ್ಬರಿಗೂ ಒಂದೇ ಮಗುವಿನ ಒಂದೊಂದು ಕೈ ಹಿಡಿಸುವುದು, ಇವೆಲ್ಲ ಅವನೇ ಕಂಡುಹಿಡಿದ ಅಸ್ತ್ರಗಳು.

ಊರಿಗೆಲ್ಲ ಇಷ್ಟು ಮಾಡಿದವನು ಮನೆಯಲ್ಲಿ ಮಾತ್ರ ಯಾವಾಗಲೂ ಚೌಕಟ್ಟಿನ ಹೊರಗೇ ಇದ್ದ. ಮಗಳು ಹುಟ್ಟಿದ ಹೊತ್ತಿಗೆ ಯಾರದೋ ಮದುವೆಯಲ್ಲಿ ಊಟದ ಸಾಲುಗಳ ಫೋಟೋ ತೆಗೆಯುತ್ತಿದ್ದ. ಆ ಮಗಳು ಮೊದಲ ದಿನ ಶಾಲೆಗೆ ಹೋದಾಗ ಇನ್ನೊಂದು ಶಾಲೆಯ ನಲವತ್ತು ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದ. ಹೆಂಡತಿ ಇದನ್ನು ಆಡಿ ತೋರಿಸಿದವಳಲ್ಲ. ಮರೆತವಳೂ ಅಲ್ಲ.

ಈಗ ಆ ಹೆಂಡತಿಯ ಬಲಗಣ್ಣಿಗೆ ಪೊರೆ ಬಂದು ಆಪರೇಷನ್ ಆಗಿತ್ತು. ಮರುದಿನ ಸಂಜೆ ಐದಕ್ಕೆ ಪಟ್ಟಿ ಬಿಚ್ಚುವುದೆಂದು ಡಾಕ್ಟರು ಹೇಳಿದ್ದರು. ಆಸ್ಪತ್ರೆಯ ಮಂಚದ ಮೇಲೆ ಒರಗಿಕೊಂಡು ಅವಳು ಗಂಡನನ್ನು ಕರೆದಳು.

"ಮೂವತ್ತು ವರ್ಷದಿಂದ ಊರವರನ್ನೆಲ್ಲ ಒಂದು ಕಣ್ಣು ಮುಚ್ಚಿ ನೋಡಿದ್ದೀರಿ. ನಾಳೆ ನಾನು ನಿಮ್ಮನ್ನ ಎರಡು ಕಣ್ಣು ಬಿಟ್ಟು ನೋಡ್ತೀನಿ. ಪಟ್ಟಿ ಬಿಚ್ಚುವಾಗ ಎದುರಿಗೆ ನೀವೇ ಇರ್ಬೇಕು. ಗೋಡೆ ಅಲ್ಲ, ನರ್ಸಮ್ಮ ಅಲ್ಲ, ನೀವು."

"ಇರ್ತೀನಿ ಕಣೇ."

"ಇರ್ತೀನಿ ಅನ್ನೋದನ್ನ ಚೆನ್ನಾಗಿ ಅಂತೀರಿ. ಇರೋದನ್ನೂ ಒಂದ್ಸಲ ನೋಡೋಣ."

ಹೀಗೆ ಮಾತು ಕೊಟ್ಟವನು ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಕ್ಯಾಮೆರಾ ಹೊತ್ತು ಒಂದು ದೊಡ್ಡ ಮನೆಯ ಹೊಸಿಲು ದಾಟಿದ. ಈ ಕೆಲಸ ಎಂಟು ತಿಂಗಳ ಹಿಂದೆಯೇ ಗೊತ್ತಾಗಿತ್ತು. ಆ ಮನೆಯ ಮೂವತ್ನಾಲ್ಕು ಜನ ಒಂದೇ ಸೂರಿನಡಿ ಸಿಗುವುದು ಅದೊಂದೇ ದಿನ. ಎರಡಕ್ಕೆ ಹೋದರೆ ಮೂರೂವರೆಗೆ ಮುಗಿಯುತ್ತದೆ, ಅಲ್ಲಿಂದ ಆಸ್ಪತ್ರೆಗೆ ಸ್ಕೂಟರಿನಲ್ಲಿ ಇಪ್ಪತ್ತೈದು ನಿಮಿಷ. ಲೆಕ್ಕ ಸರಿಯಾಗಿಯೇ ಇತ್ತು. ಲೆಕ್ಕಕ್ಕೆ ಆ ಮನೆಯವರು ಗೊತ್ತಿರಲಿಲ್ಲ, ಅಷ್ಟೇ.

ಮನೆಯ ಯಜಮಾನರಾದ ತಾತನಿಗೆ ಎಂಬತ್ತಾರು. ಒಂದಾನೊಂದು ಕಾಲದಲ್ಲಿ ದೊಡ್ಡ ಕಚೇರಿಯ ಹೆಡ್ ಗುಮಾಸ್ತರಾಗಿದ್ದವರು. ಕೆಲಸ ಬಿಟ್ಟು ಇಪ್ಪತ್ತೆಂಟು ವರ್ಷವಾದರೂ ಹಾಜರಿ ಕರೆಯುವ ಚಟ ಅವರನ್ನು ಬಿಟ್ಟಿರಲಿಲ್ಲ. ಮಂಡಿ ಹಿಡಿದುಕೊಂಡಿದ್ದರಿಂದ ಅವರನ್ನು ಕುರ್ಚಿಯಲ್ಲಿ ಕೂರಿಸಲು ಇಬ್ಬರು ಬೇಕು, ಎಬ್ಬಿಸಲು ಇಬ್ಬರೂ ಒಂದಿಷ್ಟು ದೇವರ ದಯೆಯೂ ಬೇಕು. ಹಾಗಾಗಿ ಫೋಟೋ ಮನೆಯೊಳಗೇ ಆಗಬೇಕಿತ್ತು.

ಹಾಲ್ ಉದ್ದವಾಗಿತ್ತು, ಆದರೆ ಮೂವತ್ನಾಲ್ಕು ಜನರಿಗೆ ಸಾಲುವಷ್ಟಲ್ಲ. ಅಗಲದ ಲೆನ್ಸ್ ಹಾಕಬಹುದಿತ್ತು. ಆದರೆ ಅಗಲದ ಲೆನ್ಸಿನಲ್ಲಿ ಅಂಚಿನವರು ಉಬ್ಬುತ್ತಾರೆ. ಐದು ವರ್ಷದ ಹಿಂದೆ ಇದೇ ಮನೆಯಲ್ಲಿ ಹಾಗೆ ಉಬ್ಬಿಹೋದ ಸೋದರತ್ತೆ, ಎಂದರೆ ತಾತನ ತಂಗಿ, ಅವನು ಒಳಗೆ ಬರುತ್ತಲೇ ಕೇಳಿದರು:

"ಈ ಸಲ ನನ್ನ ಎಷ್ಟು ಜನ ಮಾಡ್ತೀಯಪ್ಪಾ? ಹೋದ್ಸಲ ಇಬ್ಬರು ಮಾಡಿದ್ದೆ."

ಹಾಗಾಗಿ ಅವನು ಸೇನಾಪತಿಯಂತೆ ಕಣ್ಣಳತೆ ಮಾಡಿ ವ್ಯೂಹ ರಚಿಸಿದ. ಹಾಲಿನ ಒಂದು ತುದಿಗೆ ಪುಟ್ಟ ಉಗ್ರಾಣದ ಕೋಣೆ. ಕ್ಯಾಮೆರಾವನ್ನು ಅದರ ಬಾಗಿಲಲ್ಲಿ ನಿಲ್ಲಿಸಿ, ತಾನು ಕೋಣೆಯೊಳಗೆ ಡಬ್ಬಗಳ ನಡುವೆ ನಿಂತರೆ ಎಲ್ಲರೂ ಹಿಡಿಸುತ್ತಾರೆ. ಎದುರು ತುದಿಗೆ ಬೀದಿಯ ಬಾಗಿಲು. ಅದು ತೆರೆದಿದ್ದರೆ ಹಿಂದಿನ ಬೆಳಕಿಗೆ ಮುಖಗಳೆಲ್ಲ ಕಪ್ಪಾಗುತ್ತವೆ. ಅದನ್ನು ಮುಚ್ಚಿಸಿ, ಅಡ್ಡಲಾಗಿ ಉದ್ದನೆಯ ಬೆಂಚು ಹಾಕಿಸಿ, ಅದರ ಮೇಲೆ ಎಂಟು ಜನರನ್ನು ನಿಲ್ಲಿಸಿದ. ಹಾಲಿನ ದೊಡ್ಡ ಸೋಫಾ ಎಲ್ಲಿಗೆ? ಅಡುಗೆಮನೆಯ ಓಣಿಗೆ. ಅವನೂ ಮನೆಯ ಇಬ್ಬರು ಗಂಡುಮಕ್ಕಳೂ ಅದನ್ನು ನೆಟ್ಟಗೆ ನಿಲ್ಲಿಸಿ, ಹೆಗಲು ಕೊಟ್ಟು ನೂಕಿದರು. ಸೋಫಾ ಅರ್ಧ ಹೋಗಿ, "ಉಂ" ಎಂದು ಗೋಡೆಗಳ ನಡುವೆ ಸಿಕ್ಕಿಕೊಂಡಿತು. ಆಮೇಲೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಅಡುಗೆಮನೆ, ಬಚ್ಚಲು, ಹಿತ್ತಿಲು ಎಲ್ಲವೂ ಅದರ ಆಚೆಗೆ ಉಳಿದವು.

"ಇರಲಿ ಬಿಡಿ, ಅರ್ಧ ಗಂಟೆ ಕೆಲಸ," ಎಂದ ಮೂರಿಲ್ಲದಣ್ಣ.

ಉಳಿದದ್ದು ಒಂದೇ ದಾರಿ, ಬಲಗಡೆಯ ಮಹಡಿ ಮೆಟ್ಟಿಲು. ಅದರ ತುದಿಗೆ ಒಂದು ಬಾಗಿಲು. ಸೆರೆಮನೆ ಕಟ್ಟುವವನು ತನ್ನನ್ನೂ ಒಳಗಿಟ್ಟುಕೊಂಡೇ ಕಟ್ಟುತ್ತಿದ್ದೇನೆ ಎಂದು ಅವನಿಗೆ ಆಗ ಹೊಳೆಯಲಿಲ್ಲ.

ಕೂರಿಸುವ ಕೆಲಸ ಶುರುವಾಯಿತು. ಸುಳ್ಳುಗಳು ಬತ್ತಳಿಕೆಯಿಂದ ಒಂದೊಂದಾಗಿ ಹೊರಬಿದ್ದವು. ತಾತ ನಡುವೆ, ಪಕ್ಕದಲ್ಲಿ ಅಜ್ಜಿ. ಸೋದರತ್ತೆಯನ್ನು ಕುರ್ಚಿಯ ಸಾಲಿನಲ್ಲಿ ತಾತನ ಹತ್ತಿರಕ್ಕೆ ತಂದು "ನೀವು ಇಲ್ಲಿದ್ರೆ ಅವರ ಮುಖಕ್ಕೆ ಕಳೆ" ಎಂದ. ಏಳು ಕುರ್ಚಿಗಳಲ್ಲಿ ಏಳು ಹಿರಿಯರು ತುಂಬಿದರು. ಮಕ್ಕಳು ನೆಲಕ್ಕೆ ಇಳಿದರು. ಯಾರದೋ ಜಡೆ ಯಾರದೋ ಗುಂಡಿಗೆ ಸಿಕ್ಕಿಕೊಂಡಿತು. ಒಬ್ಬಳು ಸೊಸೆ ಸೀನಿದಳು, ಎರಡು ಸಾಲು ಕದಲಿತು, ಮತ್ತೆ ಜೋಡಿಸಿದ. ಹೀಗೆ ಒಂದೂಕಾಲು ಗಂಟೆ ಹೋಯಿತು. ಗಡಿಯಾರ ನೋಡಿದ. ಮೂರೂಮುಕ್ಕಾಲು.

ಆ ಹೊತ್ತಿಗೆ ಉಳಿದವರು ಒಬ್ಬರೇ, ಮನೆಯ ದೊಡ್ಡಳಿಯ. ಆರಡಿ ಎರಡಂಗುಲದ ಆಸಾಮಿ, ನೀಟಾಗಿ ಇಸ್ತ್ರಿ ಮಾಡಿದ ತಿಳಿ ನೀಲಿ ಅಂಗಿ, ಕಾಲಿಗೆ ಫೋಟೋಕ್ಕೆಂದೇ ಮನೆಯೊಳಗೂ ಹಾಕಿಕೊಂಡ ಹೊಸ ಚಪ್ಪಲಿ. ಏಳು ಕುರ್ಚಿಗಳನ್ನೂ ಒಮ್ಮೆ ನೋಡಿ, ಎಂಟನೆಯದು ಎಲ್ಲಾದರೂ ಇದೆಯೇನೋ ಎಂಬಂತೆ ಸುತ್ತ ನೋಡುತ್ತ ನಿಂತಿದ್ದರು.

ಬೇರೆ ದಿನವಾಗಿದ್ದರೆ ಮೂರಿಲ್ಲದಣ್ಣ ಕಂಬದ ಮಾತು ಹೇಳುತ್ತಿದ್ದ. ಅಳಿಯ ಎದೆ ಉಬ್ಬಿಸಿ ಬೆಂಚು ಹತ್ತುತ್ತಿದ್ದರು. ಆದರೆ ಇವತ್ತು ಕಣ್ಣೆದುರಿಗೆ ಬಿಳಿ ಪಟ್ಟಿಯೊಂದು ಸುತ್ತುತ್ತಿತ್ತು. ತನ್ನ ವೃತ್ತಿಜೀವನದಲ್ಲೇ ಮೊದಲ ಬಾರಿಗೆ ಅವನು ಒಂದು ಗುಂಪಿನೆದುರು ನಿಂತು ನಿಜ ಹೇಳಿಬಿಟ್ಟ.

"ನೀವು ಉದ್ದ ಇದ್ದೀರಿ, ಹಿಂದೆ ಹೋಗಿ."

ಹಾಲಿನಲ್ಲಿ ಒಂದು ಕ್ಷಣ ಫೋಟೋ ತೆಗೆಯಬಹುದಾದಷ್ಟು ನಿಶ್ಶಬ್ದ. ದೊಡ್ಡಳಿಯ ಅಂಗಿಯ ತೋಳು ಸರಿಮಾಡಿಕೊಂಡರು. ನಿಧಾನಕ್ಕೆ ಮೆಟ್ಟಿಲು ಹತ್ತಿದರು. ಮೇಲಿನ ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದು ಕೆಳಗಿನವರೆಲ್ಲರಿಗೂ ಕೇಳಿಸಿತು.

"ಹಾಜರಿ!" ಎಂದರು ತಾತ, ಏನೂ ಆಗದವರಂತೆ. ಬೆಂಚಿನವರಿಂದ ಹಿಡಿದು ನೆಲದ ಮೇಲಿನವರವರೆಗೆ ಒಬ್ಬೊಬ್ಬರೇ "ಹಾಜರ್" ಎಂದರು. ಮೂವತ್ಮೂರಕ್ಕೆ ನಿಂತಿತು.

"ದೊಡ್ಡಳಿಯಂದಿರು?"

ಹಿರಿಮಗಳು, ಎಂದರೆ ದೊಡ್ಡಳಿಯನ ಹೆಂಡತಿ, ತಲೆ ತಗ್ಗಿಸಿ "ಮೇಲೆ ಹೋದ್ರು ಅಪ್ಪ" ಎಂದಳು.

"ಬರ್ತಾರೆ. ಅಲ್ಲಿಯವರೆಗೆ ಒಬ್ಬರೂ ಅಲ್ಲಾಡಕೂಡದು. ಜೋಡಿಸಿದ್ದು ಕೆಟ್ಟರೆ ಮತ್ತೆ ಒಂದೂಕಾಲು ಗಂಟೆ."

"ಯಾರಾದ್ರೂ ಹೋಗಿ ಕರೀರಿ," ಎಂದರು ಅಜ್ಜಿ.

"ಒಂದ್ಸಲ ಕರೆದಾಗಿದೆ. ಈ ಮನೇಲಿ ಎರಡನೇ ಸಲ ಕರೆಯೋ ಪದ್ಧತಿ ಇಲ್ಲ."

"ಹಾಗಾದ್ರೆ ಅವರನ್ನ ಬಿಟ್ಟು ತೆಗೆದುಬಿಡೋಣ್ವಾ ತಾತ?" ಎಂದ ಮೂರಿಲ್ಲದಣ್ಣ, ಅತಿ ವಿನಯದಿಂದ.

ತಾತ ಅವನನ್ನು ದಿಟ್ಟಿಸಿ ನೋಡಿದರು. "ಗೈರುಹಾಜರಾದವರನ್ನ ಬಿಟ್ಟು ಕಚೇರಿ ನಡೆಸಬಹುದಪ್ಪ. ಮನೆ ನಡೆಸೋಕಾಗಲ್ಲ."

ಮಾತು ಚೆನ್ನಾಗಿತ್ತು, ಆದರೆ ಅದರಿಂದ ಬಾಗಿಲು ತೆರೆಯಲಿಲ್ಲ. ನಾಲ್ಕು ಗಂಟೆ ಹೊಡೆಯಿತು.

ಮೂರಿಲ್ಲದಣ್ಣ ತನ್ನ ಕೋಟೆಯನ್ನು ಈಗ ಒಳಗಿನಿಂದ ಪರೀಕ್ಷಿಸಿದ. ಬೀದಿ ಬಾಗಿಲಿಗೆ ಎಂಟು ಜನರ ಕಾವಲು. ಓಣಿಗೆ ಸೋಫಾದ ಬಿರಡೆ. ಮೇಲೆ ಚಿಲಕ. ಉಗ್ರಾಣಕ್ಕೊಂದು ಕಿಟಕಿಯಿತ್ತು. ಆಸೆಯಿಂದ ಡಬ್ಬಗಳ ಸಂದಿಯಲ್ಲಿ ನುಸುಳಿ ನೋಡಿದ. ಕಬ್ಬಿಣದ ಸರಳು, ಸರಳಿಗೆ ಜೇಡರ ಬಲೆ. ಕಿಟಕಿಯಾಚೆ, ಮನೆಯ ಪಕ್ಕದ ಸಂದಿಯ ತುದಿಗೆ, ಬೀದಿಯಲ್ಲಿ ಅವನ ಸ್ಕೂಟರು ಸ್ವತಂತ್ರವಾಗಿ ಬಿಸಿಲು ಕಾಯಿಸುತ್ತ ನಿಂತಿತ್ತು.

ಸೆರೆಯೊಳಗಿನ ಮಿಕ್ಕವರ ಪಾಡೂ ಅಷ್ಟಕ್ಕಷ್ಟೇ. ಬಾಯಾರಿತೆಂದರೆ ನೀರು ಸೋಫಾದ ಆಚೆ. ನೆಲದ ಮೇಲೆ ಕೂತ ಪುಟ್ಟಿಯೊಬ್ಬಳು ಎದ್ದು ನಿಂತು, ಇಡೀ ಸಭೆಗೆ ಕೇಳುವಂತೆ, "ನಂಗೆ ಅರ್ಜೆಂಟು" ಎಂದಳು. ಅವಳನ್ನು ಸೋಫಾದ ಮೇಲಿಂದ ಹತ್ತಿಸಿ, ಸೂರಿಗೂ ಸೋಫಾಕ್ಕೂ ನಡುವಿನ ಗೇಣಗಲದಲ್ಲಿ ಆಚೆ ಇಳಿಬಿಟ್ಟರು. ಹೋದ ಅವಳು ಹಾಯಾಗಿ ಬಂದಳು. ಆ ಸಂದಿಯನ್ನು ಮೂರಿಲ್ಲದಣ್ಣ ಅಳೆದು ನೋಡಿದ. ತಲೆಯೇನೋ ಹೋಗುತ್ತಿತ್ತು, ಹೊಟ್ಟೆ ಒಪ್ಪುವಂತಿರಲಿಲ್ಲ. ತಾತ ಮಾತ್ರ ಹತ್ತು ನಿಮಿಷಕ್ಕೊಮ್ಮೆ ಹಾಜರಿ ಕರೆಯುತ್ತಿದ್ದರು, ಮಧ್ಯೆ ಯಾರಾದರೂ ಕರಗಿಹೋಗಿರಬಹುದು ಎಂಬಂತೆ.

ಅವನ ಜೇಬಿನಲ್ಲಿ ಫೋನು ಗುಟುರು ಹಾಕಿತು. ಹೆಂಡತಿ.

"ಎಲ್ಲಿದ್ದೀರಿ?"

"ಹೊರಟೆ ಕಣೇ. ದಾರೀಲಿದ್ದೀನಿ."

"ಹಾಜರಿ!" ಎಂದು ಗುಡುಗಿದರು ತಾತ. "ಹಾಜರ್! ಹಾಜರ್! ಹಾಜರ್!" ಎಂದಿತು ಬೆಂಚು.

ಫೋನಿನ ಆ ಕಡೆ ಹೆಂಡತಿಯ ಕಿವಿ ನಿಮಿರಿತು.

"ದಾರೀಲಿ ಹಾಜರಿ ಕೂಗ್ತಾರಾ?"

"ಅದು... ಇಲ್ಲೊಂದು ಶಾಲೆ ಪಕ್ಕ..."

"ಶಾಲೆ ಬಿಟ್ಟು ಆಗ್ಲೇ ಎಷ್ಟು ಹೊತ್ತಾಯ್ತು. ಸರಿ. ಐದಕ್ಕೆ ಬಿಚ್ತಾರೆ. ಗೋಡೆ ಹಸಿರು ಬಣ್ಣ ಇದೆ, ಅದನ್ನೇ ನೋಡ್ತೀನಿ ಬಿಡಿ." ಫೋನು ಇಟ್ಟುಬಿಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾಲ್ಕೂ ಇಪ್ಪತ್ತು. ಮೂರಿಲ್ಲದಣ್ಣ ಮಕ್ಕಳನ್ನು ದಾಟಿ, ಕುರ್ಚಿಗಳ ಪಕ್ಕದಿಂದ ನುಸುಳಿ, ಮೆಟ್ಟಿಲಿಗೆ ಬಂದ. "ನಾನು ಈ ಮನೆಯವನಲ್ಲವಲ್ಲ ತಾತ, ನಾನು ಎರಡನೇ ಸಲ ಕರೀಬಹುದಲ್ಲ?" ಎಂದ. ತಾತ ಯೋಚಿಸಿ, ನಿಯಮಗಳಲ್ಲಿ ಇದಕ್ಕೆ ಅಡ್ಡಿಯಿಲ್ಲವೆಂದು ಕಂಡು, ತಲೆಯಾಡಿಸಿದರು.

ಮೇಲಿನ ಬಾಗಿಲಿಗೆ ಬಾಯಿಟ್ಟು ಅವನು ತನ್ನ ಅಸ್ತ್ರಗಳನ್ನೆಲ್ಲ ಪ್ರಯೋಗಿಸಿದ.

"ಯಜಮಾನರೇ, ನೀವು ಕಂಬ ಇದ್ದ ಹಾಗೆ. ನೀವು ನಿಂತರೇನೇ..."

"ಕಂಬದ ಮಾತು ಹೋದ್ಸಲಾನೇ ಹೇಳಿದ್ರಿ," ಎಂದಿತು ಬಾಗಿಲು. "ಅದಕ್ಕೆ ಹಿಂದಿನ ಸಲ ತೆಂಗಿನಮರ ಅಂದಿದ್ರಿ."

"ಆಯ್ತು, ಕುರ್ಚಿ ಇಲ್ಲ ಅಂತ ತಾನೇ? ನನ್ನ ಕ್ಯಾಮೆರಾ ಪೆಟ್ಟಿಗೆ ಇದೆ. ಗಟ್ಟಿಮುಟ್ಟು. ಅದರ ಮೇಲೆ ಒಂದು ಬಟ್ಟೆ ಹಾಸಿದ್ರೆ..."

"ಪೆಟ್ಟಿಗೆ ಮೇಲಾ? ಪೆಟ್ಟಿಗೆ ಮೇಲೆ ಕೂರೋಕೆ ನಾನೇನು ರೈಲಿಗೆ ಕಾಯ್ತಿದ್ದೀನಾ?"

ಕೆಳಗೆ ಮೂವತ್ಮೂರು ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಒಳಗಿನವರ ದನಿ ಈಗ ಸ್ವಲ್ಪ ಇಳಿಯಿತು.

"ಹೋಗಿ, ಒಂದ್ಸಲ ಕೆಳಗಿನ ಗೋಡೆ ನೋಡಿ. ಇಪ್ಪತ್ತೆರಡು ವರ್ಷ ಆಯ್ತು ನಾನು ಈ ಮನೆ ಅಳಿಯ ಆಗಿ. ಆ ಗೋಡೆ ಮೇಲೆ ನಾನು ಬರೀ ಹಣೆ."

ಅವನು ಮೆಟ್ಟಿಲ ಮೇಲಿಂದಲೇ ಬಗ್ಗಿ ಗೋಡೆ ನೋಡಿದ. ಸಾಲಾಗಿ ನಾಲ್ಕು ಫೋಟೋ, ಐದೈದು ವರ್ಷಕ್ಕೊಂದು. ನಾಲ್ಕೂ ಅವನೇ ತೆಗೆದದ್ದು. ಮೊದಲನೆಯದರಲ್ಲಿ ಯಾರದೋ ಎತ್ತಿ ಕಟ್ಟಿದ ತುರುಬಿನ ಹಿಂದೆ ಒಂದು ಹಣೆ. ಎರಡನೆಯದರಲ್ಲಿ ಹಣೆ ಮತ್ತು ಒಂದು ಹುಬ್ಬು. ಇನ್ನೊಂದರಲ್ಲಿ, ಎತ್ತಿಕೊಂಡ ಮಗುವೊಂದರ ಟೋಪಿಯ ಮೇಲೆ ಉದಯಿಸುತ್ತಿರುವ ಅರ್ಧ ಹಣೆ. ಕೊನೆಯದರಲ್ಲಿ ಚೌಕಟ್ಟೇ ಹಣೆಯನ್ನು ಕತ್ತರಿಸಿಬಿಟ್ಟಿತ್ತು, ಉಳಿದಿದ್ದದ್ದು ಒಂದು ಕಿವಿ. ಬಂಧುಬಳಗದ ಸ್ಥಾನಮಾನಗಳನ್ನು ಅರೆದು ಕುಡಿದವನಿಗೆ ಈ ಒಂದು ಹಣೆ ಇಪ್ಪತ್ತು ವರ್ಷ ಕಂಡಿರಲಿಲ್ಲ.

ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ.

"ತಪ್ಪು ನನ್ನದೇ," ಎಂದ ಬಾಗಿಲಿಗೆ. "ನಾಲ್ಕು ಸಲವೂ ನಿಮಗೆ ಒಳ್ಳೆ ಸುಳ್ಳು ಹೇಳಿ ಹಿಂದೆ ಕಳಿಸಿದೆ. ಇವತ್ತು ಸುಳ್ಳು ಹೇಳೋಕೂ ಪುರುಸೊತ್ತಿರಲಿಲ್ಲ. ಐದು ಗಂಟೆಗೆ ನನ್ನ ಹೆಂಡತಿ ಕಣ್ಣಿನ ಪಟ್ಟಿ ಬಿಚ್ತಾರೆ. ಎದುರಿಗೆ ಇರ್ತೀನಿ ಅಂದಿದ್ದೆ. ಈಗ ನೀವೂ ಒಳಗೆ, ನಾನೂ ಒಳಗೆ."

ಬಾಗಿಲಿನ ಆಚೆ ಚಪ್ಪಲಿಯ ಸದ್ದು ಹತ್ತಿರ ಬಂತು.

"ಯಾವ ಕಣ್ಣು?"

"ಬಲಗಣ್ಣು."

"ನಮ್ಮಮ್ಮಂಗೂ ಬಲಗಣ್ಣೇ." ದನಿ ಮತ್ತೆ ಬಿಗಿಯಾಯಿತು. "ಪಾಪ ಅನ್ನಿಸ್ತಿದೆ. ಆದ್ರೆ ಈಗ ಬಂದ್ರೂ ಎಲ್ಲಿ ನಿಲ್ಲಲಿ? ಮತ್ತೆ ಅಲ್ಲೇ ತಾನೇ?"

ಏಳು ಕುರ್ಚಿ, ಏಳು ಹಿರಿಯರು. ಸೋದರತ್ತೆಯನ್ನು ಎಬ್ಬಿಸುವುದಕ್ಕಿಂತ ಗೋಡೆಯನ್ನು ಸರಿಸುವುದು ಸುಲಭ.

ಆಗ ಕೆಳಗಿನಿಂದ ಅಜ್ಜಿಯ ದನಿ ಬಂತು. ಇಷ್ಟು ಹೊತ್ತೂ ಅವರು ಕುತ್ತಿಗೆ ತಿರುಗಿಸಿ ಆ ನಾಲ್ಕು ಫೋಟೋಗಳನ್ನೇ ನೋಡುತ್ತಿದ್ದರು.

"ಅಳಿಯಂದಿರೇ, ನನ್ನ ಕುರ್ಚಿ ತಗೊಳ್ಳಿ. ನಾನು ನೆಲದ ಮೇಲೆ ಮಕ್ಕಳ ಜೊತೆ ಕೂತ್ಕೋತೀನಿ. ನನ್ನ ಮುಖ ಎಲ್ಲರೂ ನೋಡಿದ್ದಾರೆ." ಹೇಳಿ ಸುಮ್ಮನಿರಲಿಲ್ಲ, ಎದ್ದೂ ಬಿಟ್ಟರು.

ಅಷ್ಟೇ. ಅಜ್ಜಿ ಎದ್ದ ಮೇಲೆ ಕೂತಿರುವ ಧೈರ್ಯ ಯಾರಿಗುಂಟು? "ಅಯ್ಯೋ, ನೀವು ಕೂತ್ಕೊಳ್ಳಿ ಅಮ್ಮಾ, ನನ್ನ ಕುರ್ಚಿ ಕೊಡ್ತೀನಿ" ಎಂದು ಒಬ್ಬರು ಎದ್ದರು. "ನಿಮ್ದು ಯಾಕೆ, ನಂದು ತಗೊಳ್ಳಲಿ" ಎಂದು ಇನ್ನೊಬ್ಬರು. ಸೋದರತ್ತೆ ಎಲ್ಲರಿಗಿಂತ ಜೋರಾಗಿ "ನಂದೇ ಕೊಡೋದು, ಯಾರೂ ಮಾತಾಡ್ಬೇಡಿ!" ಎಂದು ಎದ್ದು, ತನ್ನ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿಯೇಬಿಟ್ಟರು. ಬೆಂಚಿನ ಮೇಲಿನ ಎಂಟೂ ಜನ ಅವರನ್ನು ತಡೆಯಲು ಧುಮುಕಿದರು. "ನನ್ನನ್ನೂ ಎಬ್ಬಿಸಿ, ನಾನು ಮನೆ ಯಜಮಾನ, ನಾನು ಕೂತಿದ್ರೆ ಹೇಗೆ?" ಎಂದು ತಾತ ಎರಡೂ ಕೈ ಚಾಚಿದರು. ಗಂಡುಮಕ್ಕಳಿಬ್ಬರು ಕಂಕುಳಿಗೆ ಕೈ ಕೊಟ್ಟು ಅವರನ್ನು ಎತ್ತತೊಡಗಿದರು. ಒಂದೂಕಾಲು ಗಂಟೆಯ ವ್ಯೂಹ ಒಂದು ನಿಮಿಷದಲ್ಲಿ ಚೆಲ್ಲಾಪಿಲ್ಲಿ.

ಮೇಲೆ ಚಿಲಕ ಅಲ್ಲಾಡಿತು. ಮೂರಿಲ್ಲದಣ್ಣ ಎರಡೆರಡು ಮೆಟ್ಟಿಲು ಹಾರಿ, ನುಗ್ಗಿ, ತುಳಿದು, ತುಳಿಸಿಕೊಂಡು ಉಗ್ರಾಣದ ಬಾಗಿಲಿಗೆ ಬಂದು ಕ್ಯಾಮೆರಾ ಹಿಡಿದ. ನೇರ ಎದುರಿಗೆ ಬೀದಿ ಬಾಗಿಲು. ಬೆಂಚು ಖಾಲಿ. ತಾತನ ಅಪ್ಪಣೆಯೂ ಈಗ ಗಾಳಿಗೆ ಹೋಗಿತ್ತು. ಹತ್ತು ಹೆಜ್ಜೆ ಇಟ್ಟರೆ ಸ್ಕೂಟರು. ಗಡಿಯಾರದಲ್ಲಿ ನಾಲ್ಕೂ ಮೂವತ್ತೆಂಟು.

ಆದರೆ ಮೆಟ್ಟಿಲ ಮೇಲೆ ದೊಡ್ಡಳಿಯ ಬಂದು ನಿಂತಿದ್ದರು. ಅರ್ಧ ಇಳಿದು, ಕೆಳಗಿನ ಗಲಾಟೆ ಕಂಡು, ಕಾಲೆತ್ತಲು ಮರೆತು ನಿಂತಿದ್ದರು. ಅವರ ಮುಂದೆ ತುರುಬಿಲ್ಲ, ಟೋಪಿಯಿಲ್ಲ, ಯಾರ ಹೆಗಲೂ ಇಲ್ಲ. ಹೊಸ ಚಪ್ಪಲಿಯಿಂದ ಹಣೆಯವರೆಗೆ ಪೂರ್ತಿ ಆರಡಿ ಎರಡಂಗುಲ. ಕೆಳಗೆ ಮೂವತ್ಮೂರು ಜನ ಮುಖವೆತ್ತಿ, ಕುರ್ಚಿಗಳನ್ನು ಅವರೆಡೆಗೆ ಚಾಚಿ, ಬನ್ನಿ ಬನ್ನಿ ಎಂದು ಕೂಗುತ್ತಿದ್ದರು.

"ಒಂದು," ಎಂದ ಮೂರಿಲ್ಲದಣ್ಣ. ಯಾರಿಗೂ ಕೇಳಿಸಲಿಲ್ಲ. "ಎರಡು."

ಕ್ಲಿಕ್.

"ಆಯ್ತು!" ಎಂದು ಕೂಗಿ ಕ್ಯಾಮೆರಾ ಬಿಚ್ಚಿ ಕೊರಳಿಗೆ ಹಾಕಿಕೊಂಡ.

"ಏನಾಯ್ತು? ಯಾವಾಗಾಯ್ತು? ನಾನು ಬೆನ್ನು ಮಾಡಿದ್ದೆನಲ್ಲೋ!" ಎಂದು ಸೋದರತ್ತೆ ಕುರ್ಚಿ ಹೊತ್ತುಕೊಂಡೇ ಹಿಂದೆ ಬಂದರು. ಅಷ್ಟರಲ್ಲಿ ಅವನು ಬೆಂಚು ಹಾರಿ, ಬಾಗಿಲು ತೆರೆದು, ಕಾಲಿಗೆ ಬುದ್ಧಿ ಹೇಳಿದ್ದ. ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು, ಒಂದು ಚಪ್ಪಲಿ ಎಲ್ಲವೂ ಅಲ್ಲೇ ಉಳಿದವು.

ಆ ಫೋಟೋ ಈಗ ಆ ಗೋಡೆಯ ಮೇಲೆ ಐದನೆಯದಾಗಿದೆ. ಒಬ್ಬರೂ ಕ್ಯಾಮೆರಾ ನೋಡುತ್ತಿಲ್ಲ. ತಾತ ಕುರ್ಚಿಗೂ ಆಕಾಶಕ್ಕೂ ನಡುವೆ ತೂಗುತ್ತಿದ್ದಾರೆ. ಸೋದರತ್ತೆಯ ಬೆನ್ನು ಮಾತ್ರ ಇದೆ, ಅದೂ ಒಬ್ಬರಷ್ಟೇ ಅಗಲವಿದೆ ಎಂದು ಅವರಿಗೆ ಸಮಾಧಾನ. ಬಂದವರಿಗೆಲ್ಲ ದೊಡ್ಡಳಿಯ ತಾವೇ ಅದನ್ನು ತೋರಿಸುತ್ತಾರೆ, ಚಪ್ಪಲಿಯಿಂದ ಶುರುಮಾಡಿ. ಸೋಫಾವನ್ನು ಬಡಗಿ ಬಂದು ಅದರ ಒಂದು ಕೈ ಕತ್ತರಿಸಿ ಬಿಡಿಸಿದ.

ಇತ್ತ ಮೂರಿಲ್ಲದಣ್ಣ ಒಂದು ಚಪ್ಪಲಿಯಲ್ಲಿ ಸ್ಕೂಟರು ಓಡಿಸಿ, ಎರಡು ಕಡೆ ಕೆಂಪು ದೀಪಕ್ಕೆ ಸಿಕ್ಕಿ, ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಐದೂ ಹತ್ತು. ಎಲ್ಲ ಮುಗಿದಿರುತ್ತದೆ, ಹಸಿರು ಗೋಡೆ ತನ್ನ ಜಾಗ ಹಿಡಿದಿರುತ್ತದೆ ಎಂದುಕೊಂಡೇ ಒಳಗೆ ಹೋದ.

ಮುಗಿದಿರಲಿಲ್ಲ. ಹೆಂಡತಿ ಮಂಚದ ಮೇಲೆ ನೆಟ್ಟಗೆ ಕೂತಿದ್ದಳು. ಒಂದು ಕೈ ಪಟ್ಟಿಯ ಮೇಲೆ ಕೋಟೆಬಾಗಿಲಿನಂತೆ. ಇನ್ನೊಂದು ಕೈ ನರ್ಸಮ್ಮನ ಮಣಿಕಟ್ಟನ್ನು ಹಿಡಿದಿತ್ತು. ಡಾಕ್ಟರು ಮೂಲೆಯಲ್ಲಿ ತಲೆ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕೂತಿದ್ದರು.

"ನೀವೇನಾ ಗಂಡ?" ಎಂದರು ಡಾಕ್ಟರು, ಬಿಡುಗಡೆಯ ದನಿಯಲ್ಲಿ. "ಹತ್ತು ನಿಮಿಷದಿಂದ ನಮ್ಮನ್ನ ಹಿಡಿದಿಟ್ಟಿದ್ದಾರೆ ನೋಡಿ."

"ನಿಮ್ಮ ಹೆಜ್ಜೆ ಯಾಕೆ ಒಂದೊಂದು ಒಂದೊಂದು ಥರ ಕೇಳಿಸ್ತಿದೆ?" ಎಂದಳು ಹೆಂಡತಿ, ಪಟ್ಟಿಯ ಮೇಲಿನ ಕೈ ತೆಗೆಯುತ್ತ.

ನರ್ಸಮ್ಮ ಪಟ್ಟಿ ಬಿಚ್ಚಿದಳು. ಹೆಂಡತಿ ನಿಧಾನಕ್ಕೆ ಕಣ್ಣು ತೆರೆದು, ಒದ್ದೆ ಒರೆಸಿಕೊಂಡು, ಎದುರಿಗಿದ್ದವನನ್ನು ಮೇಲಿನಿಂದ ಕೆಳಗೆ ಒಂದು ಸಲ ನೋಡಿದಳು. ಬಹಳ ಹೊತ್ತು ನೋಡಿದಳು.

"ತಲೆ ತುಂಬ ಜೇಡರ ಬಲೆ," ಎಂದಳು. "ಎಲ್ಲಿಗೆ ಹೋಗಿದ್ರಿ?"

"ಕಣ್ಣು ಚೆನ್ನಾಗಿದೆ," ಎಂದು ಡಾಕ್ಟರು ಎದ್ದರು. "ಒಂದು ಪರೀಕ್ಷೆ ಬಾಕಿ. ಯಜಮಾನರೇ, ಆ ಬಾಗಿಲ ಹತ್ರ ನಿಂತು ಬೆರಳು ತೋರಿಸಿ, ಎಷ್ಟು ಅಂತ ಅವರು ಹೇಳಲಿ."

ಅವನು ಹೋಗಿ ನಿಂತು ಒಂದು ಬೆರಳೆತ್ತಿದ. "ಒಂದು," ಎಂದಳು. ಇನ್ನೊಂದು ಎತ್ತಿದ. "ಎರಡು." ಅವನು ಕೈ ಇಳಿಸಿಬಿಟ್ಟ.

"ಅಷ್ಟೇ ಡಾಕ್ಟ್ರೇ," ಎಂದಳು ಹೆಂಡತಿ. "ಇವರ ಹತ್ರ ಮುಂದಕ್ಕೆ ಇಲ್ಲ."

ನರ್ಸಮ್ಮ ಕಣ್ಣರಳಿಸಿದಳು. ಅವಳ ಮದುವೆಯ ಫೋಟೋ ತೆಗೆದದ್ದೂ ಅವನೇ. ಬೆಂಚು ಮುರಿದ ಕತೆ, ಗುರು ಸತ್ತ ಕತೆ, ಬಾಳೆಹಣ್ಣಿನ ಕತೆ ಎಲ್ಲ ಕೇಳಿದವಳು. ಊರಿನಲ್ಲಿ ಇಷ್ಟು ವರ್ಷ ಯಾರಿಗೂ ಬಾರದ ಧೈರ್ಯ ಅವಳಿಗೆ ಬಂತು.

"ಮೂರಿಲ್ಲದಣ್ಣಾ, ಒಂದು ಮಾತು ನಿಜ ಹೇಳಿ. ನೀವು ಮೂರು ಅಂತ ಯಾಕೆ ಅನ್ನಲ್ಲ?"

ಡಾಕ್ಟರು ಕೂಡ ಬಾಗಿಲಲ್ಲಿ ನಿಂತರು. ಅವನು ಹೆಂಡತಿಯ ತೆರೆದ ಕಣ್ಣುಗಳನ್ನು ನೋಡುತ್ತ, ತಲೆಯ ಬಲೆ ಕೊಡವಿಕೊಂಡ.

"ಮೂರು ಅಂದ್ರೆ ಎಲ್ಲರೂ ಕಣ್ಣು ಮುಚ್ಚಿಬಿಡ್ತಾರಮ್ಮ."